ಹೋಗುವ ಮೋಟಾರ್ ಬೇಡ, ವಾಪಸ್ ಬರುವ ಮೋಟಾರ್ ಕೊಳ್ಳಿ

ಕಳೆದ ಡಿಸೆಂಬರಿನ ಒಂದು ಭಾನುವಾರ. ಅಮಾವಾಸ್ಯೆ ಕಳೆದ ಮರುದಿನ. ಕುಂದಾಪುರದ ಪಂಚಗಂಗಾವಳಿ ಹೊಳೆಯ ನಡುವೆ ಗಾಳಿ ತುಂಬಿದ ರಬ್ಬರ್ ದೋಣಿಯೊಂದು ಅಳಿವೆಯ ಕಡೆಗೆ ಹಿಮ್ಮುಖವಾಗಿ ಜಾರುತ್ತಿತ್ತು. ಅದರಲ್ಲಿ ಮೂರು ಜನ. ಒಬ್ಬ ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿ ಇಟ್ಟಿರುವ ನನ್ನ ಸ್ನೇಹಿತ, ಇನ್ನೊಬ್ಬ ಅವನ ಹನ್ನೆರಡು ವರ್ಷದ ಮಗ, ಮೂರನೆಯವನು ಈ ಅಂಕಣ ಬರೆಯುವ ಮಹಾಶಯ. ದೋಣಿಯ ಹಿಂದೆ ಹೊಚ್ಚ ಹೊಸ ಎಲೆಕ್ಟ್ರಿಕ್ ಮೋಟಾರ್. ಆದರೆ ಅದು ತಿರುಗುತ್ತಿರಲಿಲ್ಲ.

ಊರಿನಲ್ಲಿ ಈಗ ಈ ಕಥೆಗೆ ಕೈಕಾಲು ಬಂದಿದೆ. ನಾವು ಮಂಗಳೂರಿನ ತನಕ ತೇಲಿ ಹೋದೆವು ಅಂತ ಹೋಟೆಲಿನಲ್ಲಿ ಒಬ್ಬರು ಹೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಹಾಗೇನಿಲ್ಲ. ಗಂಗೊಳ್ಳಿ ಕಡೆಯ ಒಬ್ಬ ಹಿರಿಯ ಮೀನುಗಾರರು ತಮ್ಮ ದೋಣಿಗೆ ಹಗ್ಗ ಕಟ್ಟಿ ನಮ್ಮನ್ನು ಎಳೆದು ತಂದರು. ಹಣ ಕೊಡಲು ಹೋದರೆ ಮುಟ್ಟಲಿಲ್ಲ. ಒಂದೇ ಮಾತು ಹೇಳಿದರು: “ಹ್ವಾಯ್, ಇಳಿತಕ್ಕೆ ಹೋಪುದ್ ಸುಲಭ, ಬಪ್ಪುದ್ ಕಷ್ಟ. ಯಂತ್ರ ತಕಂಬುಕೆ ಮೊದ್ಲ್ ಹೊಳೆ ಹತ್ರ ಕೇಣಿ.”

ಯಂತ್ರ ಕೊಳ್ಳುವ ಮೊದಲು ಹೊಳೆಯನ್ನು ಕೇಳಬೇಕು. ನಾವು ಕೇಳಿದ್ದು ಮಾರುವವನನ್ನು ಮಾತ್ರ. ಇವತ್ತಿನ ಅಂಕಣ ಆ ಕುರಿತು. ಯಾಕೆಂದರೆ ಈ ಆಟಿಕೆ ಈಗ ಮೊಬೈಲಿನಲ್ಲಿ ಬೆರಳು ಒತ್ತಿದರೆ ಮನೆ ಬಾಗಿಲಿಗೆ ಬರುತ್ತದೆ. ಕರಾವಳಿಯಲ್ಲಿ ಹೊಳೆ ಇಲ್ಲದ ಊರಿಲ್ಲ, ಹೊಳೆಯ ಮೇಲೆ ಆಸೆ ಇಲ್ಲದ ಹುಡುಗನೂ ಇಲ್ಲ.

ನಡೆದದ್ದು ಇಷ್ಟು

ಸ್ನೇಹಿತ ಕೊಂಡದ್ದು ಮೂರು ಮೀಟರ್ ಉದ್ದದ ರಬ್ಬರ್ ದೋಣಿ. ರಬ್ಬರ್ ಅಂತ ನಾವು ಕರೆಯುವುದು, ನಿಜಕ್ಕೂ ಅದು ದಪ್ಪ ಪಿವಿಸಿ. ಅದಕ್ಕೆ 12 ವೋಲ್ಟಿನ, “40 ಪೌಂಡ್ ಥ್ರಸ್ಟ್” ಅಂತ ಬರೆದ ಮೋಟಾರ್. ಜಾಹೀರಾತಿನಲ್ಲಿ “ನಾಲ್ಕು ಗಂಟೆ ಓಡುತ್ತದೆ” ಅಂತ ಇತ್ತು. ಬ್ಯಾಟರಿ ಬೇರೆ ತರಬೇಕು. ಇವನು ಮನೆಯಲ್ಲಿದ್ದ ಕಾರಿನ 65 ಆಂಪಿಯರ್ ಅವರ್ ಬ್ಯಾಟರಿಯನ್ನೇ ಕಟ್ಟಿದ. “ಸುಮ್ಮನೆ ಬಿದ್ದಿತ್ತು ಮಾರಾಯ, ಖರ್ಚು ಯಾಕೆ?” ಅಂದ. ಅಂಗಡಿಯವನ ಲೆಕ್ಕಾಚಾರ, ಅದರಲ್ಲಿ ತಪ್ಪು ಹುಡುಕುವುದು ಹೇಗೆ?

ಮಧ್ಯಾಹ್ನ ಊಟ ಮುಗಿಸಿ ಎರಡು ಗಂಟೆಗೆ ಹೊರಟೆವು. ಇಳಿತ ಜೋರಾಗಿತ್ತು. ಕಾಲು ಗಂಟೆಯಲ್ಲಿ ಅಂದಾಜು ಎರಡು ಕಿಲೋಮೀಟರ್ ಕೆಳಗೆ ಬಂದಿದ್ದೆವು. “ನೋಡು, ಏನು ವೇಗ!” ಅಂತ ಮೂವರೂ ಚಪ್ಪಾಳೆ ತಟ್ಟಿದೆವು. ಬಲೆ ಕಟ್ಟುವ ಗೂಟವೊಂದಕ್ಕೆ ದೋಣಿ ಕಟ್ಟಿ ಅರ್ಧ ಗಂಟೆ ಗಾಳ ಹಾಕಿದೆವು. ಕಾಣೆ ಮೀನು ಒಂದೂ ಸಿಗಲಿಲ್ಲ. ವಾಪಸ್ ಹೊರಟೆವು.

ಅರ್ಧ ಗಂಟೆ ಪೂರ್ತಿ ವೇಗದಲ್ಲಿ ಓಡಿಸಿದ ಮೇಲೆ ನೋಡಿದರೆ ಅರ್ಧ ದಾರಿ ಮಾತ್ರ ಬಂದಿದ್ದೇವೆ. ಆಗ ಮೋಟಾರಿನ ಸದ್ದು ಇಳಿಯತೊಡಗಿತು. ಸೀಲಿಂಗ್ ಫ್ಯಾನು ಕರೆಂಟು ಹೋದಾಗ ಸುತ್ತುತ್ತಾ ನಿಲ್ಲುತ್ತದಲ್ಲ, ಹಾಗೆ ನಿಂತಿತು. ಹುಟ್ಟು ಹಾಕೋಣ ಅಂದರೆ ಒಂದೇ ಒಂದು ಪ್ಲಾಸ್ಟಿಕ್ ಹುಟ್ಟು ದೋಣಿಯಲ್ಲಿತ್ತು, ಇನ್ನೊಂದು ಚೀಲದಲ್ಲೇ ದಡದಲ್ಲಿ ಉಳಿದಿತ್ತು. ಲಂಗರು ತಂದಿರಲಿಲ್ಲ. ಹುಡುಗನಿಗೆ ಮಾತ್ರ ಲೈಫ್ ಜಾಕೆಟ್ ಇತ್ತು, ಅದೂ ಅವನ ತಾಯಿ ಗದರಿದ್ದರಿಂದ. ಮಾಣಿ “ಅಪ್ಪ, ನಾವು ಹಿಂದೆ ಹೋಗ್ತಾ ಇದ್ದೇವೆ” ಅಂದ. ಅದುವರೆಗೆ ಯಾರೂ ಅದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರೆ. ನಾವು ಹೊಳೆ ದಾಟುವ ಮೊದಲೇ ಹುಟ್ಟಿನ ಹಂಗು ಬಿಟ್ಟವರು.

ಮೂರನೇ ಕ್ಲಾಸಿನ ಲೆಕ್ಕ

ಈ ಬರಹಗಾರ ಪಿಯುಸಿಯನ್ನು ಅರ್ಧಕ್ಕೆ ಬಿಟ್ಟವನು. ಫಿಸಿಕ್ಸ್ ನನ್ನನ್ನು ಬಿಟ್ಟಿತೋ, ನಾನು ಫಿಸಿಕ್ಸನ್ನು ಬಿಟ್ಟೆನೋ ಅನ್ನುವುದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಆದರೆ ಆ ರಾತ್ರಿ ನಿದ್ದೆ ಬಾರದೆ ಕೂತು ಮಾಡಿದ ಲೆಕ್ಕಕ್ಕೆ ಪಿಯುಸಿ ಬೇಡ, ಮೂರನೇ ಕ್ಲಾಸು ಸಾಕು.

ದೋಣಿ ನಿಂತ ನೀರಿನಲ್ಲಿ ಗಂಟೆಗೆ 5 ಕಿಲೋಮೀಟರ್ ಓಡುತ್ತದೆ. ಹೊಳೆ ಗಂಟೆಗೆ 3 ಕಿಲೋಮೀಟರ್ ಇಳಿಯುತ್ತಿದೆ ಅಂತ ಇಟ್ಟುಕೊಳ್ಳಿ. ಹೋಗುವಾಗ ಎರಡೂ ಕೂಡಿ 8. ಹಾಗಾಗಿ ಎರಡು ಕಿಲೋಮೀಟರಿಗೆ ಕಾಲು ಗಂಟೆ. ಬರುವಾಗ ಐದರಲ್ಲಿ ಮೂರು ಕಳೆದರೆ ಉಳಿಯುವುದು 2. ಅದೇ ಎರಡು ಕಿಲೋಮೀಟರಿಗೆ ಒಂದು ಗಂಟೆ! ಹೋಗಲು ಕಾಲು ಗಂಟೆ, ಬರಲು ನಾಲ್ಕು ಪಟ್ಟು. ಬಸ್ಸಿನಲ್ಲಿ ಬೈಂದೂರಿಗೆ ಹೋಗಲು ಒಂದು ಟಿಕೆಟ್, ವಾಪಸ್ ಬರಲು ನಾಲ್ಕು ಟಿಕೆಟ್ ಅಂದರೆ ನೀವು ಕಂಡಕ್ಟರನ ಜತೆ ಜಗಳ ಆಡುತ್ತೀರಿ. ಹೊಳೆಯ ಜತೆ ಜಗಳ ಆಡುವುದಕ್ಕೆ ಆಗುವುದಿಲ್ಲ.

ಈಗ ಬ್ಯಾಟರಿ. 40 ಪೌಂಡಿನ ಮೋಟಾರ್ ಪೂರ್ತಿ ವೇಗದಲ್ಲಿ ಸುಮಾರು 40 ಆಂಪಿಯರ್ ಎಳೆಯುತ್ತದೆ. ಸೀಸ-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದು, ಮಾಡಿದರೆ ಅದರ ಆಯುಸ್ಸು ಮುಗಿಯಿತು. 65ರಲ್ಲಿ ಅರ್ಧ 32. ಅದನ್ನು 40ರಿಂದ ಭಾಗಿಸಿದರೆ ಮುಕ್ಕಾಲು ಗಂಟೆ. ಹೋಗಲು ಕಾಲು, ಬರುವಾಗ ಅರ್ಧ. ನಮ್ಮ ಮೋಟಾರ್ ಲೆಕ್ಕ ತಪ್ಪದೆ ನಿಂತಿದೆ ನೋಡಿ. ತಪ್ಪಿದ್ದು ನಾವು.

“ನಾಲ್ಕು ಗಂಟೆ” ಸುಳ್ಳೇ ಅಂದರೆ, ಪೂರ್ತಿ ಸುಳ್ಳೂ ಅಲ್ಲ. ದೊಡ್ಡ ಬ್ಯಾಟರಿ ಕಟ್ಟಿ, ನಿಂತ ನೀರಿನಲ್ಲಿ, ಎಲ್ಲಕ್ಕಿಂತ ನಿಧಾನವಾಗಿ ಓಡಿಸಿದರೆ ನಾಲ್ಕಲ್ಲ, ಇನ್ನೂ ಹೆಚ್ಚು ಗಂಟೆ ಓಡಬಹುದು. ವೇಗ ಅರ್ಧ ಮಾಡಿದರೆ ದೋಣಿ ನೂಕಲು ಬೇಕಾದ ಶಕ್ತಿ ಸುಮಾರು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ನೀರಿನ ನಿಯಮ ಹಾಗಿದೆ. ಆದರೆ ಇಳಿತದ ಎದುರು ವೇಗ ಅರ್ಧ ಮಾಡಿದರೆ ದೋಣಿ ಹಿಂದಕ್ಕೇ ಹೋಗುತ್ತದಲ್ಲ ಸ್ವಾಮಿ!

ಈ ಮೋಟಾರ್ ಹುಟ್ಟಿದ್ದು ಕೆರೆಗೆ

ದೋಣಿಗೆ ಎಲೆಕ್ಟ್ರಿಕ್ ಮೋಟಾರ್ ಹೊಸದು ಅಂತ ಯಾರೂ ತಿಳಿಯಬೇಡಿ. ಗುಸ್ತಾವ್ ಟ್ರೂವೆ ಎಂಬ ಫ್ರೆಂಚ್ ಯಂತ್ರಜ್ಞ 1881ರಲ್ಲೇ ಪ್ಯಾರಿಸಿನ ಸೇನ್ ನದಿಯಲ್ಲಿ ಬ್ಯಾಟರಿಯ ದೋಣಿ ಓಡಿಸಿ ತೋರಿಸಿದ. ಬೇಕಾದಾಗ ಕಳಚಿ ಎತ್ತಬಹುದಾದ ಮೋಟಾರ್ ಅದು. ಅಮೆರಿಕದಲ್ಲಿ ಓಲೆ ಎವಿನ್ರೂಡ್ ಪೆಟ್ರೋಲ್ ಔಟ್‌ಬೋರ್ಡನ್ನು ಮಾರುಕಟ್ಟೆಗೆ ತಂದು ಹೆಸರು ಮಾಡಿದ್ದು 1909ರ ಸುಮಾರಿಗೆ.

ಇವತ್ತು ಅಗ್ಗಕ್ಕೆ ಸಿಗುವ ಈ ಸಣ್ಣ ಮೋಟಾರಿನ ಜಾತಿಗೆ “ಟ್ರೋಲಿಂಗ್ ಮೋಟಾರ್” ಅಂತ ಹೆಸರು. 1934ರಲ್ಲಿ ಅಮೆರಿಕದ ಫಾರ್ಗೋ ಎಂಬ ಊರಿನಲ್ಲಿ ಶ್ಮಿಟ್ ಎಂಬಾತ ಇಂಥದ್ದೊಂದನ್ನು ತಯಾರಿಸಿದ. ಅದೇ ಮುಂದೆ ಮಿನ್ ಕೋಟ ಅನ್ನುವ ಹೆಸರಿನಲ್ಲಿ ಪ್ರಸಿದ್ಧವಾಯಿತು. ಕೆರೆ ಸರೋವರಗಳಲ್ಲಿ ಗಾಳ ಹಾಕುವವರು ಮೀನಿಗೆ ಸದ್ದು ಕೇಳದಂತೆ ಮೆಲ್ಲಗೆ ಜರುಗಬೇಕು. ಅದಕ್ಕಾಗಿ ಹುಟ್ಟಿದ ಯಂತ್ರ ಅದು. ಅಳಿವೆಯ ಇಳಿತವನ್ನು ಗೆಲ್ಲಲು ಹುಟ್ಟಿದ್ದಲ್ಲ. ಕೆರೆಯ ಎಮ್ಮೆಯನ್ನು ತಂದು ಕಂಬಳಕ್ಕೆ ಬಿಟ್ಟು, ಓಡಲಿಲ್ಲ ಅಂತ ಬೈದರೆ ತಪ್ಪು ಎಮ್ಮೆಯದ್ದಲ್ಲ.

ಹಾಗಾದರೆ ಆರಿಸುವುದು ಹೇಗೆ?

ಅಂಗಡಿಗೆ ಹೋದವರು ಮೊದಲು ಕೇಳುವುದು “ಎಷ್ಟು ಎಚ್.ಪಿ.?” ಅಂತ. ಈ ಮೋಟಾರಿಗೆ ಎಚ್.ಪಿ. ಬರೆಯುವುದಿಲ್ಲ, ನೂಕುವ ಬಲವನ್ನು ಪೌಂಡಿನಲ್ಲಿ ಬರೆಯುತ್ತಾರೆ. 55 ಪೌಂಡ್ ಅಂದರೆ ಸುಮಾರು 25 ಕಿಲೋ ತೂಕದಷ್ಟು ನೂಕು. 12 ವೋಲ್ಟಿನಲ್ಲಿ ಸುಮಾರು 50 ಆಂಪಿಯರ್, ಅಂದರೆ 600 ವ್ಯಾಟ್. ಒಂದು ಎಚ್.ಪಿ. ಅಂದರೆ 746 ವ್ಯಾಟ್. 55 ಅಂತ ದೊಡ್ಡದಾಗಿ ಬರೆದಿದ್ದರೂ ಒಳಗಿರುವುದು ಒಂದು ಕುದುರೆಯೂ ಅಲ್ಲ.

ತೂಕಕ್ಕೆ ಒಂದು ಸಾಮಾನ್ಯ ಲೆಕ್ಕವಿದೆ. ದೋಣಿ, ಜನ, ಬ್ಯಾಟರಿ, ಸಾಮಾನು ಎಲ್ಲ ಸೇರಿ ಪ್ರತಿ 45 ಕಿಲೋಗೆ 2 ಪೌಂಡ್ ನೂಕು. ನಾವು ಮೂವರು, ದೋಣಿ, ಬ್ಯಾಟರಿ ಸೇರಿ ಸುಮಾರು 250 ಕಿಲೋ. ಅಂದರೆ 11 ಪೌಂಡ್ ಸಾಕು. ನಮ್ಮ ಹತ್ತಿರ 40 ಇತ್ತು! ಹಾಗಾಗಿ ಮೋಟಾರ್ ಸಣ್ಣದಾಯಿತು ಅನ್ನುವುದು ಪೂರ್ತಿ ಸರಿಯಲ್ಲ. ಆ ಲೆಕ್ಕ ಗಾಳಿ, ಹರಿವು ಇಲ್ಲದ ಕೆರೆಯ ಲೆಕ್ಕ.

55 ಪೌಂಡಿನದ್ದು ಕಟ್ಟಿದ್ದರೆ ಪಾರಾಗುತ್ತಿದ್ದೆವಾ? ವೇಗ ಐದರಿಂದ ಆರರ ಹತ್ತಿರ ಹೋಗುತ್ತಿತ್ತು, ಅಷ್ಟೇ. ಮೂರು ಮೀಟರಿನ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲಾರದೆ ಒದ್ದಾಡುತ್ತದೆ. ನೂಕು ಎರಡು ಪಟ್ಟು ಮಾಡಿದರೂ ವೇಗ ಎರಡು ಪಟ್ಟು ಆಗುವುದಿಲ್ಲ. ಆದರೆ ಬ್ಯಾಟರಿ ಮಾತ್ರ ಬೇಗ ಖಾಲಿಯಾಗುತ್ತದೆ.

ಅದಕ್ಕೇ ನನ್ನ ಅಭಿಪ್ರಾಯ ಇದು. ಮೊದಲು ನೀರನ್ನು ಆರಿಸಿ. ಆಮೇಲೆ ಬ್ಯಾಟರಿ. ಕೊನೆಗೆ ಮೋಟಾರ್. ನಾವೆಲ್ಲ ಮಾಡುವುದು ತಲೆಕೆಳಗು. ಮೋಟಾರ್ ಮೊದಲು ಬರುತ್ತದೆ, ಬ್ಯಾಟರಿ ಮನೆಯಲ್ಲಿದ್ದದ್ದು, ನೀರು ಹೋದಲ್ಲಿ ಸಿಕ್ಕಿದ್ದು.

ಬ್ಯಾಟರಿಯ ಮಾತು ಅಂಗಡಿಯವರಿಗೆ ಬೇಗ ಅರ್ಥವಾದೀತು, ಯಾಕೆಂದರೆ ಎಲ್ಲರ ಗಲ್ಲದ ಹಿಂದೆ ಇನ್ವರ್ಟರ್ ಇದೆ. ಕಾರಿನ ಬ್ಯಾಟರಿ ಒಂದು ಕ್ಷಣ ಜೋರಾಗಿ ಒದೆಯಲು ಮಾಡಿದ್ದು, ತಾಸುಗಟ್ಟಲೆ ದುಡಿಯಲು ಅಲ್ಲ. ಹಾಗಂತ ಅಂಗಡಿಯ 150ರ ಟ್ಯೂಬುಲರ್ ಬ್ಯಾಟರಿ ಎತ್ತಿಕೊಂಡು ಹೋಗಬೇಡಿ. ಅದು 50 ಕಿಲೋ ದಾಟುತ್ತದೆ, ಅಲುಗಾಡಿದರೆ ಆಸಿಡ್ ಚೆಲ್ಲುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಅಂತ ಬರುತ್ತದೆ. 100 ಆಂಪಿಯರ್ ಅವರಿನದ್ದು ಸುಮಾರು 12 ಕಿಲೋ. ಅದೇ ಅಳತೆಯ ಸೀಸದ ಬ್ಯಾಟರಿ 25ರಿಂದ 30 ಕಿಲೋ. ಲಿಥಿಯಂನಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಧೈರ್ಯವಾಗಿ ಬಳಸಬಹುದು. ಬೆಲೆ ಜಾಸ್ತಿ, ನಿಜ. ಆದರೆ ಅದು ತರುವ ದೂರವೂ ಜಾಸ್ತಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತು ಹೊಳೆಯಲ್ಲಿ ಬ್ಯಾಟರಿಗೆ ಸಲ್ಲುತ್ತದೆ.

ಬ್ಯಾಟರಿಯೊಂದಿಗೇ ಬರುವ ದುಬಾರಿ ಮೋಟಾರುಗಳೂ ಇವೆ. ಜರ್ಮನಿಯ ಸ್ಟಾರ್ನ್‌ಬರ್ಗ್ ಸರೋವರದಲ್ಲಿ ಪೆಟ್ರೋಲ್ ದೋಣಿಗಳಿಗೆ ಬಿಗಿ ನಿರ್ಬಂಧವಿದೆ. ಆ ಊರಿನಲ್ಲಿ 2005ರಲ್ಲಿ ಹುಟ್ಟಿದ ಕಂಪನಿ ಟಾರ್ಕೀಡೋ. 2024ರಲ್ಲಿ ಅದನ್ನು ಜಪಾನಿನ ಯಮಾಹಾ ಕೊಂಡಿತು. ಅವರ ಟ್ರಾವೆಲ್ 1103 ಎಂಬ ಮೋಟಾರ್ 1100 ವ್ಯಾಟಿನದ್ದು, ಬ್ಯಾಟರಿ 915 ವ್ಯಾಟ್ ಅವರಿನದ್ದು. ಮೂರನೇ ಕ್ಲಾಸಿನ ಲೆಕ್ಕ ಇಲ್ಲಿಯೂ ಹಾಕಿ. ಪೂರ್ತಿ ವೇಗದಲ್ಲಿ ಅದೂ ಒಂದು ಗಂಟೆ ಓಡುವುದಿಲ್ಲ! ಆದರೆ ಒಂದು ದೊಡ್ಡ ಗುಣ ಅದರಲ್ಲಿದೆ. ಈಗಿನ ವೇಗದಲ್ಲಿ ಇನ್ನು ಎಷ್ಟು ದೂರ ಹೋಗಬಹುದು ಅಂತ ಹಿಡಿಕೆಯ ಮೇಲೆ ಅಂಕಿ ತೋರಿಸುತ್ತದೆ. ನಮ್ಮದರಲ್ಲಿ ಅಂಥದ್ದೇನೂ ಇರಲಿಲ್ಲ. ಅಗ್ಗದ್ದು ಕೊಂಡವರು ಬ್ಯಾಟರಿಗೆ ಒಂದು ಮೀಟರನ್ನಾದರೂ ಕಟ್ಟಿಕೊಳ್ಳಿ.

ಸಣ್ಣ ವಿಷಯಗಳು, ದೊಡ್ಡ ಪಜೀತಿ

ಮೊದಲನೆಯದು ಉಪ್ಪು. ಸಿಹಿನೀರಿಗೆ ಮಾಡಿದ ಮೋಟಾರನ್ನು ಉಪ್ಪುನೀರಿಗೆ ಇಳಿಸಿದರೆ ಅದು ಒಳಗೊಳಗೇ ತಿನ್ನಿಸಿಕೊಳ್ಳುತ್ತದೆ. ಉಪ್ಪುನೀರಿಗೆಂದೇ ಮಾಡಿದ್ದನ್ನು ಕೇಳಿ ಪಡೆಯಿರಿ. ಅದರಲ್ಲಿ ಸತುವಿನ ಒಂದು ತುಂಡು ಇರುತ್ತದೆ, ಮೋಟಾರಿನ ಬದಲು ಅದು ಸವೆಯುತ್ತದೆ. ಸವೆದಾಗ ಬದಲಿಸಬೇಕು. ಪ್ರತಿ ಸಲ ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಲೇಬೇಕು.

ಎರಡನೆಯದು ಕಂಬದ ಉದ್ದ. ಪಂಕ ನೀರಿನ ಮಟ್ಟಕ್ಕೆ ತೀರಾ ಹತ್ತಿರವಿದ್ದರೆ ಗಾಳಿ ಎಳೆದುಕೊಂಡು ಬರೀ ಗದ್ದಲ ಮಾಡುತ್ತದೆ. ತೀರಾ ಆಳಕ್ಕೆ ಹೋದರೆ ಇಳಿತದಲ್ಲಿ ಮರಳುದಿಬ್ಬಕ್ಕೆ ತಾಗುತ್ತದೆ. ಮೇಲೆ ಕೆಳಗೆ ಹೊಂದಿಸಲು ಬರುವಂಥದ್ದೇ ಒಳ್ಳೆಯದು.

ಮೂರನೆಯದು ತಂತಿ. 50 ಆಂಪಿಯರ್ ಅಂದರೆ ತಮಾಷೆ ಅಲ್ಲ. ಮನೆಯ ಲೈಟಿನ ವಯರ್ ಜೋಡಿಸಿದರೆ ಕಾದು ಕರಗುತ್ತದೆ. ದಪ್ಪ ತಾಮ್ರದ ತಂತಿ, ಬ್ಯಾಟರಿಯ ಬುಡದಲ್ಲೇ ಫ್ಯೂಸ್, ನೀರು ಹೊಗದ ಪೆಟ್ಟಿಗೆ, ಈ ಮೂರೂ ಇರಲಿ. ಪಿವಿಸಿ ದೋಣಿಯಲ್ಲಿ ಬೆಂಕಿಯ ಕಿಡಿ ಹಾರಿದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕನೆಯದು ವೇಗದ ಗುಂಡಿ. ಐದು ಹಂತದ ಅಗ್ಗದ ಮೋಟಾರುಗಳಲ್ಲಿ ನಿಧಾನ ಮಾಡಿದಾಗ ಮಿಕ್ಕ ಕರೆಂಟಿನಲ್ಲಿ ಒಂದಷ್ಟು ಬಿಸಿಯಾಗಿ ಹಾಳಾಗುತ್ತದೆ. ಹಂತವಿಲ್ಲದೆ ಸಲೀಸಾಗಿ ಏರಿಳಿಯುವ ಮೋಟಾರ್ ನಿಧಾನದಲ್ಲಿ ಬ್ಯಾಟರಿಯನ್ನು ಉಳಿಸುತ್ತದೆ.

ಐದನೆಯದು ಕಾನೂನು. ಯಂತ್ರ ಕಟ್ಟಿದ ಮೇಲೆ ಅದು ಮಕ್ಕಳ ಆಟಿಕೆಯಾಗಿ ಉಳಿಯುವುದಿಲ್ಲ. ಯಂತ್ರದ ದೋಣಿಗಳ ನೋಂದಣಿಗೆ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ. ಬಂದರು ಕಚೇರಿಗೆ ಒಂದು ಸಲ ಹೋಗಿ ನಿಮ್ಮ ದೋಣಿಗೆ ಏನು ಬೇಕು ಅಂತ ಕೇಳಿ ಬನ್ನಿ. ಬಸ್ ಚಾರ್ಜ್ ಮಾತ್ರ ಖರ್ಚು.

ಪೆಟ್ರೋಲೇ ವಾಸಿ ಅಲ್ಲವೇ?

ಹೀಗೆ ಕೇಳುವವರೂ ಇದ್ದಾರೆ. ಕೇಳುವುದರಲ್ಲಿ ತಪ್ಪಿಲ್ಲ. ಎರಡು ಎರಡೂವರೆ ಎಚ್.ಪಿ.ಯ ಸಣ್ಣ ಪೆಟ್ರೋಲ್ ಔಟ್‌ಬೋರ್ಡ್ ಒಂದು ಲೀಟರಿಗೆ ಸುಮಾರು ಒಂದು ಗಂಟೆ ಜೋರಾಗಿ ಓಡುತ್ತದೆ. ಇನ್ನೊಂದು ಲೀಟರ್ ಬಾಟಲಿಯಲ್ಲಿ ಇಟ್ಟುಕೊಂಡರೆ ಇನ್ನೊಂದು ಗಂಟೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ 100 ಆಂಪಿಯರ್ ಅವರ್ ಬ್ಯಾಟರಿಯ ಏಳು ಪಟ್ಟು. ಅದರಲ್ಲಿ ಹೆಚ್ಚಿನ ಪಾಲು ಬಿಸಿಯಾಗಿ ಹಾಳಾದರೂ ಹರಿಯುವ ನೀರಿನಲ್ಲಿ ಪೆಟ್ರೋಲೇ ಗಟ್ಟಿ. ಅದನ್ನು ಒಪ್ಪಿಕೊಳ್ಳಬೇಕು.

ಆದರೆ ಹಿನ್ನೀರಿನಲ್ಲಿ, ಕುದ್ರುಗಳ ಸುತ್ತ, ಭರತ ತುಂಬಿ ನಿಂತ ಹೊತ್ತಿನಲ್ಲಿ ಎಲೆಕ್ಟ್ರಿಕ್ಕಿಗೆ ಸಮ ಇಲ್ಲ. ಹೊಗೆ ಇಲ್ಲ, ಎಣ್ಣೆ ಚೆಲ್ಲುವುದಿಲ್ಲ, ಪಕ್ಕದವನ ಮಾತು ಕೇಳುತ್ತದೆ, ಹಗ್ಗ ಎಳೆದು ಎಳೆದು ಭುಜ ಕಳಚುವುದಿಲ್ಲ. ನೆರೆಯ ಕೇರಳದ ವೈಕಂನಲ್ಲಿ 2017ರಿಂದ ಬಿಸಿಲಿನ ಕರೆಂಟಿನಲ್ಲಿ ಓಡುವ 75 ಜನರ ‘ಆದಿತ್ಯ’ ದೋಣಿ ಬಂತು. 2023ರಲ್ಲಿ ಕೊಚ್ಚಿಯ ವಾಟರ್ ಮೆಟ್ರೋ ಶುರುವಾಯಿತು. ಕರೆಂಟಿನ ದೋಣಿ ನಡೆಯುವುದಿಲ್ಲ ಅನ್ನುವ ಮಾತಿಗೆ ಈಗ ಬೆಲೆಯಿಲ್ಲ. ಎಷ್ಟು ದೂರ, ಎಷ್ಟು ಜನ, ಎಲ್ಲಿ ಚಾರ್ಜ್ ಅಂತ ಮೊದಲೇ ಲೆಕ್ಕ ಹಾಕಿದರೆ ಖಂಡಿತ ನಡೆಯುತ್ತದೆ.

ಪಂಚಾಯತ್‌ನವರಿಗೂ ಒಂದು ಮಾತು

ಇಲ್ಲಿಯವರೆಗೆ ಹೇಳಿದ್ದು ಸ್ವಂತ ದುಡ್ಡಿನ ಮೋಟಾರಿನ ಮಾತು. ಸಾರ್ವಜನಿಕರ ದುಡ್ಡಿನದ್ದೂ ಒಂದಿದೆ. 2020ರ ಸೆಪ್ಟೆಂಬರ್ 20ರಂದು ಉಡುಪಿ ಜಿಲ್ಲೆಯಲ್ಲಿ ಮನೆಯೊಳಗೆ ನೀರು ನುಗ್ಗಿದ್ದು, ರಬ್ಬರ್ ದೋಣಿಗಳಲ್ಲಿ ಜನರನ್ನು ಸಾಗಿಸಿದ್ದು ಯಾರೂ ಮರೆತಿಲ್ಲ. ಪ್ರತಿ ಮಳೆಗಾಲ ಕಳೆದಾಗಲೂ “ನಮ್ಮ ಊರಿಗೂ ಒಂದು ರಬ್ಬರ್ ದೋಣಿ ಇರಲಿ” ಅನ್ನುವ ಮಾತು ಏಳುತ್ತದೆ. ಒಳ್ಳೆಯ ಮಾತೇ. ಆದರೆ ದರಪಟ್ಟಿಯಲ್ಲಿ ಎಲ್ಲಕ್ಕಿಂತ ಕಡಿಮೆ ಬರೆದವನ ಹತ್ತಿರ ಕೆರೆಯ ಮೋಟಾರ್ ಕೊಂಡು ತಂದಿಟ್ಟರೆ, ನೆರೆಯ ದಿನ ಅದು ಜನರನ್ನು ತರುವ ಬದಲು ತಾನೇ ಹೋದೀತು. ನೆರೆಯ ನೀರು ಗಂಟೆಗೆ ಐದು ಕಿಲೋಮೀಟರಿಗೆ ನಿಲ್ಲುವುದಿಲ್ಲ. ಮೇಲಾಗಿ ಆವತ್ತು ಊರಿನಲ್ಲಿ ಕರೆಂಟೂ ಇರುವುದಿಲ್ಲ, ಚಾರ್ಜ್ ಎಲ್ಲಿ ಮಾಡುತ್ತೀರಿ? ಎನ್‌ಡಿಆರ್‌ಎಫ್‌ನವರು ದೊಡ್ಡ ಔಟ್‌ಬೋರ್ಡ್ ಕಟ್ಟುವುದು ಶೋಕಿಗಲ್ಲ.

ಆದ್ದರಿಂದ ಕೊಳ್ಳುವ ಸಮಿತಿಯವರು ಕಾಗದಕ್ಕೆ ಸಹಿ ಹಾಕುವ ಮೊದಲು ಒಂದೇ ಷರತ್ತು ಹಾಕಲಿ: ಮಾರುವವನು ದೋಣಿಯನ್ನು ನಮ್ಮ ಹೊಳೆಗೇ ತರಬೇಕು, ನಾಲ್ಕು ಜನರನ್ನು ಕೂರಿಸಬೇಕು, ಇಳಿತ ಜೋರಾಗಿರುವ ಹೊತ್ತಿನಲ್ಲಿ ಕೆಳಗೆ ಹೋಗಿ ಮೇಲೆ ಬಂದು ತೋರಿಸಬೇಕು. ತೋರಿಸಿದರೆ ಹಣ. ಇದಕ್ಕೆ ತಜ್ಞರ ವರದಿ ಬೇಡ. ದಡದಲ್ಲಿ ನಿಂತ ಮೀನುಗಾರರೇ ತೀರ್ಪು ಕೊಡುತ್ತಾರೆ.

ಕೊನೆಗೆ

ನನ್ನ ಸ್ನೇಹಿತ ಮೋಟಾರನ್ನು ಮಾರಲಿಲ್ಲ. ನೂರರ ಲಿಥಿಯಂ ಬ್ಯಾಟರಿ ತಂದ. ಎರಡು ಮರದ ಹುಟ್ಟು, ಒಂದು ಸಣ್ಣ ಲಂಗರು, ಇಪ್ಪತ್ತು ಮೀಟರ್ ಹಗ್ಗ, ಮೂರು ಲೈಫ್ ಜಾಕೆಟ್ ತಂದ. ಅಂಗಡಿಯ ಕ್ಯಾಲೆಂಡರಿನಲ್ಲಿ ಹುಣ್ಣಿಮೆ ಅಮಾವಾಸ್ಯೆಗಳಿಗೆ ಕೆಂಪು ಸುತ್ತು ಹಾಕಿದ್ದಾನೆ, ಆ ದಿನಗಳ ಆಸುಪಾಸಿನಲ್ಲಿ ಏರಿಳಿತ ಜೋರು ಅಂತ. ಭರತದ ಹೊತ್ತು ದಿನಾ ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ತಡವಾಗುತ್ತದೆ ಅನ್ನುವುದೂ ಈಗ ಅವನಿಗೆ ಬಾಯಿಪಾಠ.

ಇನ್ನೊಂದು ನಿಯಮ ಅವನ ಮಗ ಮಾಡಿದ್ದು. ಮೊದಲು ಹರಿವಿನ ಎದುರು ಹೋಗುವುದು. ಬ್ಯಾಟರಿ ಅರ್ಧವಾಗುವ ಮೊದಲೇ ತಿರುಗುವುದು. ಆಮೇಲೆ ಮೋಟಾರ್ ನಿಂತರೂ ಹೊಳೆಯೇ ಮನೆ ಕಡೆಗೆ ತರುತ್ತದೆ. ಇಬ್ಬರು ದೊಡ್ಡವರಿಗೆ ಹೊಳೆಯದ್ದು ಹನ್ನೆರಡು ವರ್ಷದವನಿಗೆ ಹೊಳೆಯಿತು.

ಆ ದಿನ ನಮ್ಮನ್ನು ಎಳೆದು ತಂದ ಹಿರಿಯರನ್ನು ಮೊನ್ನೆ ಮೀನು ಮಾರುಕಟ್ಟೆಯಲ್ಲಿ ಕಂಡೆ. “ಆವತ್ತು ನೀವು ಬಾರದಿದ್ದರೆ ಏನು ಮಾಡಬೇಕಿತ್ತು?” ಅಂತ ಕೇಳಿದೆ. ನಕ್ಕರು. ಲಂಗರು ಹಾಕಿ ಸುಮ್ಮನೆ ಕೂತಿದ್ದರೆ ಸಂಜೆ ಐದೂವರೆಯ ಮೇಲೆ ಭರತ ಏರಿ ಅದೇ ನಮ್ಮನ್ನು ಊರಿಗೆ ತರುತ್ತಿತ್ತಂತೆ. ಮೋಟಾರೂ ಬೇಡ, ಬ್ಯಾಟರಿಯೂ ಬೇಡ.

ಒಂದು ಲಂಗರು. ನಮ್ಮ ಹತ್ತಿರ ಇಲ್ಲದೆ ಇದ್ದದ್ದು ಅದೊಂದೇ. ಮೋಟಾರ್ ಕೊಳ್ಳಲು ಹೊರಟವರು ದಯವಿಟ್ಟು ಅದನ್ನು ಮೊದಲು ಕೊಳ್ಳಿ.